ಗೊಂಬೆಯಂಗಡಿಯ ಜಾಲತಾಣ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಚನ್ನಪಟ್ಟಣವು ಸಿಗುತ್ತದೆ. ಮರದ ಬಣ್ಣದ ಗೊಂಬೆಗಳಿಗೆ ಹೆಸರಾದ ಊರು ಇದು. ಇಲ್ಲಿಯ ಕುಶಲಕರ್ಮಿಗಳು ಹಾಲೆಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ಅದು ತಿರುಗುತ್ತಿರುವಾಗಲೇ ಉಳಿಯಿಂದ ಕಡೆದು ರೂಪ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹೀಗೆ ಸಿದ್ಧವಾದ ಗೊಂಬೆಗಳನ್ನು ಕೊಳ್ಳುವವರಲ್ಲಿ ದಾರಿಹೋಕರ ಪಾಲು ದೊಡ್ಡದಾಗಿತ್ತು. ಮೈಸೂರಿಗೆ ಹೊರಟ ಕುಟುಂಬವು ಕಾಫಿಗೆಂದು ವಾಹನವನ್ನು ನಿಲ್ಲಿಸುವುದು, ಮಗುವು ಅಂಗಡಿಯ ಮುಂದಿನ ತೂಗುಕುದುರೆಯನ್ನು ಕಂಡು ಹಠ ಹಿಡಿಯುವುದು, ತಂದೆಯು ಬೆಲೆ ಕೇಳುವುದು, ಇದೇ ವ್ಯಾಪಾರದ ಕ್ರಮವಾಗಿತ್ತು.

2023ರ ಮಾರ್ಚ್ 12ರಂದು ಈ ಎರಡು ನಗರಗಳ ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣದ ಪೇಟೆಯೊಳಗೆ ಬರುವುದಿಲ್ಲ. ಊರನ್ನು ಬದಿಗಿಟ್ಟು ಹಾದುಹೋಗುತ್ತದೆ. ಪ್ರಯಾಣಿಕರಿಗೆ ಹೊತ್ತು ಉಳಿಯಿತು. ಆದರೆ ಹಳೆಯ ದಾರಿಯ ಬದಿಯಲ್ಲಿದ್ದ ಅಂಗಡಿಗಳ ಮುಂದೆ ನಿಲ್ಲುವ ವಾಹನಗಳು ಕಡಿಮೆಯಾದವು. ಅಂಗಡಿಯು ಇದ್ದಲ್ಲಿಯೇ ಇತ್ತು, ದಾರಿಯೇ ಸರಿದುಹೋಗಿತ್ತು.

ಇಂತಹ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬಹುದು. ತಂದೆಯು ಗೊಂಬೆಯನ್ನು ಕಡೆಯುತ್ತಾನೆ. ತಾಯಿಯು ಅಂಗಡಿಯಲ್ಲಿ ಕುಳಿತು ಲೆಕ್ಕ ನೋಡಿಕೊಳ್ಳುತ್ತಾಳೆ. ಮಗಳು ಪ್ರೌಢಶಾಲೆಯ ವಿದ್ಯಾರ್ಥಿನಿ. ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುವ ಹಳೆಯ ಗಿರಾಕಿಗೆ ಇನ್ನೊಂದು ಗೊಂಬೆ ಬೇಕೆನಿಸಿದರೆ ಅವನು ಈ ಅಂಗಡಿಯನ್ನು ಹುಡುಕುವುದು ಹೇಗೆ? ಜಾಲತಾಣವೆಂಬುದು ಈ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಒಂದು.

ಜಾಲತಾಣವೆಂದರೆ ಏನೋ ಮಹಾ ನಿಗೂಢವಾದ ವಸ್ತುವೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಹಗಲಿರುಳೂ ಎಚ್ಚರವಾಗಿರುವ ಒಂದು ಗಣಕಯಂತ್ರದಲ್ಲಿ ಇಟ್ಟಿರುವ ಕೆಲವು ಕಡತಗಳು, ಅಷ್ಟೆ. ದೂರದಲ್ಲಿರುವವನು ತನ್ನ ಫೋನಿನಿಂದ ಕೇಳಿದಾಗ ಆ ಯಂತ್ರವು ಕಡತದ ಪ್ರತಿಯೊಂದನ್ನು ಕಳುಹಿಸಿಕೊಡುತ್ತದೆ. ಕೇಳಿದವರಿಗೆ ಕೊಡುವ ಈ ಯಂತ್ರಕ್ಕೆ ಸರ್ವರ್ ಎಂದೂ, ಕೇಳಿ ಪಡೆದು ತೆರೆಯ ಮೇಲೆ ತೋರಿಸುವ ಸಾಧನಕ್ಕೆ ಬ್ರೌಸರ್ ಎಂದೂ ಹೆಸರು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯು 1989ರಲ್ಲಿ ಈ ಏರ್ಪಾಟನ್ನು ಸೂಚಿಸಿದನು. 1990ರ ಕೊನೆಯ ವೇಳೆಗೆ ಅವನ ಮೇಜಿನ ಮೇಲಿದ್ದ ಗಣಕಯಂತ್ರವೇ ಜಗತ್ತಿನ ಮೊದಲನೆಯ ವೆಬ್ ಸರ್ವರ್ ಆಯಿತು. ಯಾರಾದರೂ ತಿಳಿಯದೆ ಅದನ್ನು ಆರಿಸಿಬಿಟ್ಟಾರೆಂದು, ಈ ಯಂತ್ರವನ್ನು ನಿಲ್ಲಿಸಬಾರದೆಂದು ಕೆಂಪು ಮಸಿಯಲ್ಲಿ ಬರೆದ ಚೀಟಿಯೊಂದನ್ನು ಅದಕ್ಕೆ ಅಂಟಿಸಲಾಗಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರಾಂಶವನ್ನು ಶುಲ್ಕವಿಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಚನ್ನಪಟ್ಟಣದ ಅಂಗಡಿಯವನು ಇಂದು ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ರಾಜಧನ ತೆರದೆ ಪುಟವೊಂದನ್ನು ಬರೆಯಬಹುದಾದರೆ ಅದಕ್ಕೆ ಆ ದಿನದ ನಿರ್ಧಾರವೂ ಒಂದು ಕಾರಣ.

ಪುಟವನ್ನು ಬರೆಯುವ ಕೆಲಸವು ಗಣಕಯಂತ್ರದ ಮುಂದೆ ಅಲ್ಲ, ಕಾಗದದ ಮೇಲೆ ಆರಂಭವಾಗುವುದು ಒಳ್ಳೆಯದು. ಗಿರಾಕಿಯು ಅಂಗಡಿಗೆ ಬಂದಾಗ ಏನನ್ನು ಕೇಳುತ್ತಾನೆಂಬುದು ತಾಯಿಗೆ ಚೆನ್ನಾಗಿ ಗೊತ್ತು. ಈ ಬಣ್ಣವನ್ನು ಮಗು ಬಾಯಿಗಿಟ್ಟುಕೊಂಡರೆ ತೊಂದರೆಯುಂಟೆ? ಬೆಲೆ ಎಷ್ಟು? ಭಾನುವಾರ ಬಾಗಿಲು ತೆರೆದಿರುತ್ತದೆಯೆ? ಅಂಚೆಯಲ್ಲಿ ಕಳುಹಿಸಿಕೊಡುತ್ತೀರಾ? ಮಗಳು ಇವನ್ನೆಲ್ಲ ಗುರುತು ಹಾಕಿಕೊಂಡು ಒಂದೊಂದಕ್ಕೂ ಎರಡು ಮೂರು ವಾಕ್ಯಗಳ ಉತ್ತರವನ್ನು ಬರೆದರೆ ಪುಟದ ಮುಕ್ಕಾಲು ಭಾಗ ಮುಗಿದಂತೆಯೇ. ಅನೇಕರು ಈ ಸಾಮಾನ್ಯ ವಿಷಯಗಳನ್ನು ಬಿಟ್ಟು ‘ವಿಶ್ವವಿಖ್ಯಾತ’, ‘ಸರ್ವೋತ್ಕೃಷ್ಟ’ ಮುಂತಾದ ವಿಶೇಷಣಗಳಿಂದ ಪುಟವನ್ನು ತುಂಬುವುದುಂಟು. ಓದುವವನಿಗೆ ಬೇಕಾದುದು ಅಂಗಡಿಯ ಫೋನ್ ಸಂಖ್ಯೆ. ಅದೇ ಎಲ್ಲೋ ಮೂಲೆಯಲ್ಲಿ ಅಡಗಿರುತ್ತದೆ!

ಬರೆದುದನ್ನು ಬ್ರೌಸರಿಗೆ ತಿಳಿಯುವಂತೆ ಮಾಡಲು ಎಚ್.ಟಿ.ಎಂ.ಎಲ್. ಎಂಬ ಗುರುತಿನ ಭಾಷೆಯುಂಟು. ಮುದ್ರಣಾಲಯಕ್ಕೆ ಕಳುಹಿಸುವ ಹಸ್ತಪ್ರತಿಯ ಅಂಚಿನಲ್ಲಿ ‘ಇದು ಶೀರ್ಷಿಕೆ’, ‘ಇಲ್ಲಿ ಚಿತ್ರ’ ಎಂದು ಸೂಚನೆ ಬರೆಯುವ ಪದ್ಧತಿಯನ್ನು ಇದು ಹೋಲುತ್ತದೆ. ಚೂಪು ಆವರಣಚಿಹ್ನೆಗಳ ನಡುವೆ ‘ಪಿ’ ಎಂಬ ಅಕ್ಷರವನ್ನು ಇಟ್ಟರೆ ಅಲ್ಲಿಂದ ಪ್ಯಾರಾ ಮೊದಲಾಗುತ್ತದೆ. ಅದೇ ಅಕ್ಷರದ ಹಿಂದೆ ಓರೆಗೆರೆಯನ್ನು ಸೇರಿಸಿದರೆ ಪ್ಯಾರಾ ಮುಗಿಯುತ್ತದೆ. ಶೀರ್ಷಿಕೆಗೆ ಒಂದು ಗುರುತು, ಚಿತ್ರಕ್ಕೆ ಒಂದು, ಮತ್ತೊಂದು ಪುಟಕ್ಕೆ ಹೋಗುವ ಕೊಂಡಿಗೆ ಒಂದು. ಇಂತಹ ಹತ್ತು ಹನ್ನೆರಡು ಗುರುತುಗಳನ್ನು ಕಲಿತರೆ ಮೊದಲ ಪುಟಕ್ಕೆ ಸಾಕು. ವಿಶೇಷ ಉಪಕರಣಗಳೂ ಬೇಕಿಲ್ಲ. ಸರಳ ಪಠ್ಯವನ್ನು ಬರೆಯುವ ಯಾವ ಸಾಧನವಾದರೂ ಆದೀತು. ಮೊದಲ ಪುಟದ ಕಡತಕ್ಕೆ ‘ಇಂಡೆಕ್ಸ್’ ಎಂದು ಹೆಸರಿಡುವುದು ವಾಡಿಕೆ. ಬಂದವರಿಗೆ ಸರ್ವರು ಸಾಮಾನ್ಯವಾಗಿ ಮೊದಲು ತೋರಿಸುವುದು ಆ ಹೆಸರಿನ ಕಡತವನ್ನೇ. ಪುಟವು ಫೋನಿನ ಕಿರಿದಾದ ತೆರೆಗೆ ಹೊಂದಿಕೊಳ್ಳಲಿ ಎಂಬ ಸೂಚನೆಯ ಒಂದು ಸಾಲನ್ನೂ ಅದರ ತಲೆಭಾಗದಲ್ಲಿ ಸೇರಿಸಬೇಕು. ಗಿರಾಕಿಗಳಲ್ಲಿ ಬಹುಮಂದಿ ಅದನ್ನು ಫೋನಿನಲ್ಲಿಯೇ ನೋಡುವರು.

ಕನ್ನಡದಲ್ಲಿ ಬರೆಯುವವರಿಗೆ ಹಿಂದೆ ಒಂದು ಸಂಕಟವಿತ್ತು. ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು. ಸಂಖ್ಯೆಯಾಗಿ ಮಾತ್ರ ಅರಿಯುತ್ತದೆ. ಒಂದೊಂದು ಸಂಸ್ಥೆಯ ಕನ್ನಡ ಅಕ್ಷರವಿನ್ಯಾಸವು ಒಂದೊಂದು ಬಗೆಯ ಸಂಖ್ಯೆಗಳನ್ನು ಬಳಸುತ್ತಿದ್ದುದರಿಂದ, ಒಂದು ಯಂತ್ರದಲ್ಲಿ ಬರೆದ ಪತ್ರವು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಪಟ್ಟಿ ಇರಲೆಂದು ರೂಪುಗೊಂಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕನ್ನಡಕ್ಕೆ ಅಲ್ಲಿ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ‘ಗೊಂಬೆ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕಾದರೋ ಅದು ಗಕಾರ, ಒತ್ವ, ಅನುಸ್ವಾರ, ಬಕಾರ, ಎತ್ವ ಎಂಬ ಐದು ಸಂಕೇತಗಳು. ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಒಟ್ಟು 15 ಬೈಟುಗಳು. ಪುಟದ ತಲೆಭಾಗದಲ್ಲಿ ಈ ಕ್ರಮದ ಹೆಸರನ್ನು ಬರೆದುಬಿಟ್ಟರೆ ಗೊಂಬೆಯು ಗೊಂಬೆಯಾಗಿಯೇ ಕಾಣುವುದು.

ಚಿತ್ರಗಳ ವಿಷಯದಲ್ಲಿ ಮಿತವ್ಯಯವು ಆವಶ್ಯಕ. ಫೋನಿನಲ್ಲಿ ತೆಗೆದ ಚಿತ್ರವೊಂದರ ಅಗಲ 4000 ಬಿಂದುಗಳೂ ಎತ್ತರ 3000 ಬಿಂದುಗಳೂ ಇದ್ದರೆ, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಾದವು. ಅದನ್ನೇ 1200 ಅಗಲ, 900 ಎತ್ತರಕ್ಕೆ ಕಿರಿದುಗೊಳಿಸಿದರೆ 10 ಲಕ್ಷ 80 ಸಾವಿರ ಬಿಂದುಗಳು ಸಾಕಾಗುತ್ತವೆ; ಫೋನಿನಲ್ಲಿ ನೋಡುವವನಿಗೆ ವ್ಯತ್ಯಾಸವು ಅಷ್ಟಾಗಿ ತಿಳಿಯದು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಪುಟವು ತೆರೆಯುವುದನ್ನು ಕಾಯುತ್ತ ಕುಳಿತವನು ತಾಳ್ಮೆಗೆಟ್ಟು ಹೊರಟುಹೋಗದಂತೆ ಇದರಿಂದ ತಡೆಯಬಹುದು. ಪ್ರತಿಯೊಂದು ಚಿತ್ರದೊಡನೆ ‘ಕೆಂಪು ಚಕ್ರಗಳ ಹಳದಿ ರೈಲುಬಂಡಿ’ ಎಂಬಂತೆ ಒಂದು ಸಾಲಿನ ವಿವರಣೆಯನ್ನೂ ಬರೆದಿಡಬೇಕು. ದೃಷ್ಟಿಯಿಲ್ಲದವರ ಫೋನುಗಳು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತವೆ.

ಪುಟವು ಸಿದ್ಧವಾಯಿತು; ಅದಕ್ಕೊಂದು ಹೆಸರು ಬೇಕು. ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರದ ವಿಳಾಸವೂ ಸಂಖ್ಯೆಗಳ ರೂಪದಲ್ಲಿರುತ್ತದೆ. ಅದನ್ನು ನೆನಪಿಡುವುದು ಕಷ್ಟ. ಮೊದಲು ಹೆಸರು ಮತ್ತು ಸಂಖ್ಯೆಗಳ ಪಟ್ಟಿಯನ್ನು ಅಮೆರಿಕದ ಒಂದು ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿಯನ್ನು ನಿಭಾಯಿಸಲು ಆಗದೆ ಹೋಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತನು ಹೆಸರುಗಳನ್ನು ಹಲವು ಯಂತ್ರಗಳಿಗೆ ಹಂಚಿ ನೋಡಿಕೊಳ್ಳುವ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದನು. ಭಾರತದ ಪಾಲಿಗೆ ಬಂದ ಕೊನೆಯ ಭಾಗ ‘.ಇನ್’ ಎಂಬುದು, ಅದರ ಆಡಳಿತವು ನಿಕ್ಸಿ ಎಂಬ ಸಂಸ್ಥೆಯದು. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರನ್ನೂ ಪಡೆಯಬಹುದು. ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಎಚ್ಚರ ಬೇಕು. ದೀರ್ಘಸ್ವರಕ್ಕೆ ಒಬ್ಬರು ಎರಡು ಅಕ್ಷರ ಬರೆದರೆ ಇನ್ನೊಬ್ಬರು ಒಂದನ್ನೇ ಬರೆಯುವರು. ಫೋನಿನಲ್ಲಿ ಒಮ್ಮೆ ಹೇಳಿದಾಗ ತಪ್ಪಿಲ್ಲದೆ ಬರೆದುಕೊಳ್ಳಲು ಬರುವಂತಹ ಹೆಸರೇ ಉತ್ತಮ.

ಈ ಹೆಸರು ಮಾರಾಟಕ್ಕಿರುವ ವಸ್ತುವಲ್ಲ, ಗುತ್ತಿಗೆಗೆ ದೊರೆಯುವ ವಸ್ತು ಎಂಬುದನ್ನು ಹಲವರು ಮರೆಯುತ್ತಾರೆ. ಒಂದು ವರ್ಷಕ್ಕೋ ಕೆಲವು ವರ್ಷಗಳಿಗೋ ಶುಲ್ಕ ತೆತ್ತು ನೋಂದಾಯಿಸಿಕೊಂಡು, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ನವೀಕರಿಸದಿದ್ದರೆ ಕೆಲವು ವಾರಗಳ ಗಡುವು ಕಳೆದ ಬಳಿಕ ಆ ಹೆಸರನ್ನು ಜಗತ್ತಿನ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇಂತಹ ಮರೆವು ಬಡ ವ್ಯಾಪಾರಿಗೆ ಮಾತ್ರ ಬರುವುದೆಂದು ತಿಳಿಯಬಾರದು. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ತನ್ನ ಒಂದು ಹೆಸರಿನ ಶುಲ್ಕವನ್ನು ಕಟ್ಟಲು ಮರೆಯಿತು. ಆ ಹೆಸರನ್ನು ಅವಲಂಬಿಸಿದ್ದ ಹಾಟ್‌ಮೇಲ್ ಅಂಚೆಯು ಅನೇಕರಿಗೆ ತೆರೆಯದಾಯಿತು. ಕೊನೆಗೆ ಆ ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ತಂತ್ರಜ್ಞನು ತನ್ನ ಕೈಯಿಂದ 35 ಡಾಲರ್ ಕಟ್ಟಿ ತೊಂದರೆಯನ್ನು ನೀಗಿಸಿದನು.

ಇದಕ್ಕಿಂತ ಹೆಚ್ಚಿನ ಅಪಾಯ ಇನ್ನೊಂದುಂಟು. ಕಲಿತವನೊಬ್ಬನು ಬಂದು, “ಎಲ್ಲವನ್ನೂ ನಾನೇ ಮಾಡಿಕೊಡುತ್ತೇನೆ, ಯಜಮಾನರೆ, ನೀವು ತಲೆ ಕೆಡಿಸಿಕೊಳ್ಳಬೇಡಿ” ಎನ್ನುತ್ತಾನೆ. ಅಂಗಡಿಯವನು ಹಣ ಕೊಡುತ್ತಾನೆ; ಹೆಸರು ಮಾತ್ರ ಆ ತಂತ್ರಜ್ಞನ ಹೆಸರಿನಲ್ಲಿ, ಅವನ ಇ-ಅಂಚೆಯ ವಿಳಾಸಕ್ಕೆ ನೋಂದಣಿಯಾಗುತ್ತದೆ. ಅವನು ಮೋಸಗಾರನಾಗಿರಬೇಕೆಂದಿಲ್ಲ. ಬೇರೆ ಊರಿಗೆ ಹೋದರೂ ಸಾಕು, ನವೀಕರಣದ ಸೂಚನೆಗಳು ಅವನಿಗೇ ಹೋಗುತ್ತವೆ. ಅಷ್ಟರಲ್ಲಿ ಸಾವಿರಾರು ಗೊಂಬೆಗಳ ಪೆಟ್ಟಿಗೆಗಳ ಮೇಲೆ ಆ ವಿಳಾಸವು ಅಚ್ಚಾಗಿ ದೇಶದ ಮೂಲೆ ಮೂಲೆಗೆ ಹೋಗಿರುತ್ತದೆ. ಪುಟವು ಅಳಿದರೆ ಒಂದು ಸಂಜೆಯಲ್ಲಿ ಮತ್ತೆ ಬರೆಯಬಹುದು. ಕೈಬಿಟ್ಟ ಹೆಸರನ್ನು ಹಿಂದಕ್ಕೆ ತರುವುದು ಹಾಗಲ್ಲ. ‘ಚನ್ನಪಟ್ಟಣದ ಗೊಂಬೆ’ ಎಂಬ ಊರಿನ ಹೆಸರಿಗೆ ಕಾನೂನಿನಲ್ಲಿ ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಅಂಗಡಿಯ ಹೆಸರನ್ನು ಅಂಗಡಿಯವನೇ ಕಾಯ್ದುಕೊಳ್ಳಬೇಕು. ಆದುದರಿಂದ ಪುಟವನ್ನು ಯಾರು ಬರೆದರೂ ಸರಿಯೆ, ನೋಂದಣಿಯು ತಂದೆಯ ಅಥವಾ ತಾಯಿಯ ಹೆಸರಿನಲ್ಲಿಯೇ ಆಗತಕ್ಕದ್ದು. ಗುಪ್ತಪದವು ಮನೆಯ ದಾಖಲೆಗಳ ಜೊತೆಯಲ್ಲಿರತಕ್ಕದ್ದು.

ಇನ್ನು ಕಡತಗಳನ್ನು ಇಡಲು ಸ್ಥಳ. ಮನೆಯ ಗಣಕಯಂತ್ರವನ್ನೇ ಸರ್ವರ್ ಮಾಡಲು ಸಾಧ್ಯವಿಲ್ಲವೆಂದಲ್ಲ. ವಿದ್ಯುತ್ತು ಹೋದಾಗಲೆಲ್ಲ ಅಂಗಡಿಯ ಬಾಗಿಲು ಮುಚ್ಚಿದಂತಾಗುತ್ತದೆ. ಆದ್ದರಿಂದ ಸದಾ ಚಾಲನೆಯಲ್ಲಿರುವ ಯಂತ್ರಗಳಲ್ಲಿ ಸ್ಥಳವನ್ನು ಬಾಡಿಗೆಗೆ ಪಡೆಯುತ್ತಾರೆ. ಇದಕ್ಕೆ ಹೋಸ್ಟಿಂಗ್ ಎಂದು ಹೆಸರು. ಒಂದೇ ಯಂತ್ರದಲ್ಲಿ ನೂರಾರು ತಾಣಗಳು ವಠಾರದ ಮನೆಗಳಂತೆ ಒಟ್ಟಿಗೆ ಇರುವುದರಿಂದ ಬಾಡಿಗೆಯು ಹಗುರ. ನಾಲ್ಕಾರು ಪುಟಗಳ ಅಂಗಡಿಗೆ ಅಷ್ಟು ಧಾರಾಳವಾಗಿ ಸಾಕು. ಕಡತಗಳನ್ನು ಅಲ್ಲಿಗೆ ಏರಿಸಿ, ಹೆಸರನ್ನು ಆ ಯಂತ್ರದ ಸಂಖ್ಯೆಗೆ ಜೋಡಿಸಬೇಕು. ಈ ಜೋಡಣೆಯ ಸುದ್ದಿಯು ಎಲ್ಲೆಡೆ ಹರಡಲು ಕೆಲವು ನಿಮಿಷಗಳಿಂದ ಒಂದೆರಡು ದಿನಗಳು ಹಿಡಿಯಬಹುದು, ಗಾಬರಿಯಾಗಬೇಕಾಗಿಲ್ಲ. ಪುಟವು ನಡುದಾರಿಯಲ್ಲಿ ಯಾರ ಕೈಗೂ ಸಿಕ್ಕಿ ಬದಲಾಗದಂತೆ ಕಾಪಾಡುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು 2015ರಿಂದ ಉಚಿತವಾಗಿ ನೀಡುತ್ತಿದೆ. ಅದನ್ನೂ ಪಡೆದುಕೊಳ್ಳಬೇಕು. ಮೊದಲ ಪ್ರಯತ್ನದಲ್ಲಿಯೇ ಹಣ ಪಡೆಯುವ ಏರ್ಪಾಟಿಗೆ ಕೈಹಾಕದಿರುವುದು ಜಾಣತನ. ಫೋನ್ ಸಂಖ್ಯೆಯನ್ನು ಮುಟ್ಟಿದೊಡನೆ ಕರೆ ಹೋಗುವಂತೆ ಮಾಡಿದರೆ ಆರಂಭಕ್ಕೆ ಅದೇ ಸಾಕಾದೀತು.

ತಾಣವು ತೆರೆದ ದಿನವೇ ಗಿರಾಕಿಗಳು ಮುಗಿಬೀಳುವರೆಂದು ನಿರೀಕ್ಷಿಸಿದವರಿಗೆ ನಿರಾಸೆಯಾಗುವುದು. ಹುಡುಕು ಯಂತ್ರಗಳು ಹೊಸ ಪುಟವನ್ನು ಕಂಡುಕೊಳ್ಳಲು ದಿನಗಳೋ ವಾರಗಳೋ ಬೇಕು. ದೊಡ್ಡ ಮಾರಾಟ ತಾಣಗಳು ಗಿರಾಕಿಗಳನ್ನು ಬೇಗ ತಂದುಕೊಡುತ್ತವೆ, ನಿಜ. ಆದರೆ ಅವು ಪ್ರತಿ ಮಾರಾಟದಲ್ಲಿಯೂ ತಮ್ಮ ಪಾಲನ್ನು ಕೇಳುತ್ತವೆ. ನಿಯಮಗಳನ್ನು ಬದಲಿಸಿದಾಗ ಮಾರುವವನು ಸುಮ್ಮನೆ ಒಪ್ಪಬೇಕಾಗುತ್ತದೆ. ಅವುಗಳ ಸಹವಾಸವೇ ಬೇಡವೆಂದು ಯಾರೂ ಹೇಳಲಾರರು. ಸ್ವಂತದ ವಿಳಾಸವೊಂದು ಜೊತೆಯಲ್ಲಿದ್ದರೆ ಹಳೆಯ ಗಿರಾಕಿಯು ನೇರವಾಗಿ ಬರಲು ದಾರಿಯಿರುತ್ತದೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆಯು ಮೋಟಾರು ಭಾಗಗಳ ಗುರುತಿಗೆಂದು ರೂಪಿಸಿದ ಕ್ಯು.ಆರ್. ಚೌಕವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆಯ ತಳದಲ್ಲಿ ಅದನ್ನು ಅಚ್ಚು ಹಾಕಿಸಿದರೆ ವಿಳಾಸವನ್ನು ಬರೆಯುವ ಶ್ರಮವೂ ಗಿರಾಕಿಗೆ ಇಲ್ಲ.

ಒಂದು ದಿನ ಅಂಗಡಿಯ ಫೋನು ಮೊಳಗುತ್ತದೆ. ಆ ಕಡೆಯಿಂದ ಒಬ್ಬ ಅಜ್ಜಿಯ ದನಿ: “ನಿಮ್ಮ ಪುಟದಲ್ಲಿ ನೋಡಿದೆನಮ್ಮ. ಮೊಮ್ಮಗನ ರೈಲುಬಂಡಿಯ ಒಂದು ಚಕ್ರ ಕಳೆದುಹೋಗಿದೆ. ಚಕ್ರವೊಂದನ್ನೇ ಕೊಡುತ್ತೀರಾ? ಅದರಲ್ಲಿ ಬರೆದಿಲ್ಲವಲ್ಲ.” ತಾಯಿಯು ಲೇತಿನ ಸದ್ದನ್ನು ಮೀರಿ ಒಳಗೆ ಕೂಗಿ ಕೇಳುತ್ತಾಳೆ. “ಕೊಡೋಣ, ಅಳತೆ ಕೇಳು” ಎಂದು ತಂದೆಯು ಅಲ್ಲಿಂದಲೇ ಉತ್ತರಿಸುತ್ತಾನೆ. ಸಂಜೆ ಶಾಲೆಯಿಂದ ಬಂದ ಮಗಳು ಕಡತವನ್ನು ತೆರೆದು, ಬೆಲೆಗಳ ಪಟ್ಟಿಯ ಕೆಳಗೆ ಹೊಸದೊಂದು ಸಾಲನ್ನು ಸೇರಿಸುತ್ತಾಳೆ: ‘ಬಿಡಿ ಚಕ್ರಗಳು ದೊರೆಯುತ್ತವೆ.’