ಗೇರುಪೆಟ್ಟಿಗೆಯ ಮೂಲನಿರ್ಣಯ: ಅಮೆರಿಕದ ಹಳೆಯ ಮಸಲ್ ಕಾರುಗಳನ್ನು ಕುರಿತು ಒಂದು ವಿವೇಚನೆ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ಕಡತ, ಓಲೆಗರಿ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆಯಾಗಿ ತಯಾರಾದ ಯಂತ್ರಭಾಗವೂ ಆಧಾರವಾಗಬಲ್ಲುದು. ಅದನ್ನು ಓದುವ ಕ್ರಮವೂ ಶಾಸನವನ್ನು ಓದುವ ಕ್ರಮಕ್ಕಿಂತ ತೀರ ಭಿನ್ನವಾದುದಲ್ಲ. ಇದಕ್ಕೆ ನಿದರ್ಶನವಾಗಿ ಅಮೆರಿಕದ ‘ಮಸಲ್ ಕಾರು’ಗಳ ಗೇರುಪೆಟ್ಟಿಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಬಲಿಷ್ಠವಾದ ಎಂಜಿನನ್ನು ಅಳವಡಿಸಿ ಮಾರಿದ ಗಾಡಿಗಳಿಗೆ ಮಸಲ್ ಕಾರುಗಳೆಂಬ ಹೆಸರು ರೂಢಿಯಾಯಿತು. 1964ರ ಪಾಂಟಿಯಾಕ್ ಜಿ.ಟಿ.ಓ. ಇವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. 1970ರ ದಶಕದ ಮೊದಲ ವರ್ಷಗಳಲ್ಲಿ ಇವುಗಳ ಕಾಲ ಮುಗಿಯಿತು. ಚಾಲಕನು ಕೈಯಿಂದಲೇ ಬದಲಾಯಿಸುವ ನಾಲ್ಕು ಗೇರುಗಳ ಪೆಟ್ಟಿಗೆ ಇವುಗಳಲ್ಲಿ ಹೆಚ್ಚು ಬೇಡಿಕೆಯಿದ್ದ ಅಂಗ. ಕಾರ್ಖಾನೆಯಲ್ಲಿ ಜೋಡಿಸಿದ ಎಂಜಿನು, ಗೇರುಪೆಟ್ಟಿಗೆಗಳನ್ನೇ ಇಂದಿಗೂ ಉಳಿಸಿಕೊಂಡಿರುವ ಕಾರಿಗೆ, ಭಾಗಗಳನ್ನು ಬದಲಾಯಿಸಿದ ಕಾರಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ಆದ್ದರಿಂದ ಹಳೆಯ ಅಂಕಿಗಳನ್ನು ಅರದಿಂದ ಉಜ್ಜಿ ಅಳಿಸಿ, ಹೊಸ ಅಂಕಿಗಳನ್ನು ಒತ್ತುವವರೂ ಇದ್ದಾರೆ. ಹೀಗಿರಲು, ‘ಈ ಪೆಟ್ಟಿಗೆ ಎಲ್ಲಿಯದು?’ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ, ಸತ್ಯಾಸತ್ಯಗಳ ಪ್ರಶ್ನೆ.

ಈ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ಪೆಟ್ಟಿಗೆಯನ್ನು ಮಾಡಿದವರು ಯಾರು? ಯಾವಾಗ ಮಾಡಿದರು? ಯಾವ ಕಾರಿಗಾಗಿ ಜೋಡಿಸಿದರು? ಒಂದೊಂದಕ್ಕೂ ಸಾಕ್ಷಿ ಬೇರೆ. ಒಂದರ ಉತ್ತರವನ್ನು ಮತ್ತೊಂದರ ಉತ್ತರವೆಂದು ಭಾವಿಸುವುದೇ ಇಲ್ಲಿ ನಡೆಯುವ ತಪ್ಪುಗಳಿಗೆ ಮುಖ್ಯ ಕಾರಣ.

ಮಾಡಿದವರು ಯಾರೆಂಬುದನ್ನು ಪೆಟ್ಟಿಗೆಯ ಆಕಾರವೇ ಬಹುಮಟ್ಟಿಗೆ ಹೇಳುತ್ತದೆ. ಫೋರ್ಡ್ ಸಂಸ್ಥೆಯು 1964ರಲ್ಲಿ ಬಳಕೆಗೆ ತಂದ ನಾಲ್ಕು ಗೇರುಗಳ ಪೆಟ್ಟಿಗೆ ಬೀಡುಕಬ್ಬಿಣದ್ದು. ಅದರ ಮುಚ್ಚಳ ಮೇಲ್ಭಾಗದಲ್ಲಿದ್ದು ಹತ್ತು ಬೋಲ್ಟುಗಳಿಂದ ಬಿಗಿದಿರುತ್ತದೆ. ಇದರಿಂದಲೇ ಅದಕ್ಕೆ ‘ಟಾಪ್‌ಲೋಡರ್’ ಎಂಬ ಹೆಸರು ಬಂದಿತು. ಅದೇ ವರ್ಷ ಕ್ರೈಸ್ಲರ್ ಕಾರುಗಳಿಗೆ ಬಂದ ಎ-833 ಎಂಬುದನ್ನು ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ನಗರದ ನ್ಯೂ ಪ್ರಾಸೆಸ್ ಗೇರ್ ಕಾರ್ಖಾನೆ ತಯಾರಿಸಿತು. ಅದರ ಮುಚ್ಚಳ ಪಕ್ಕದಲ್ಲಿದೆ. ಜನರಲ್ ಮೋಟಾರ್ಸ್ ಸಂಸ್ಥೆಯ ಕಾರುಗಳಲ್ಲಿಯೂ ಮುಚ್ಚಳ ಪಕ್ಕದಲ್ಲಿಯೇ ಇರುತ್ತದೆ. ಆ ಮುಚ್ಚಳಕ್ಕೆ ಒಂಬತ್ತು ಬೋಲ್ಟುಗಳಿದ್ದರೆ ಪೆಟ್ಟಿಗೆ ಬೋರ್ಗ್-ವಾರ್ನರ್ ಸಂಸ್ಥೆಯ ಟಿ-10. ಏಳಿದ್ದರೆ ‘ಮನ್ಸೀ’ ಇರಬಹುದು. ‘ಇರಬಹುದು’ ಎಂದು ಹೇಳಲು ಕಾರಣವುಂಟು. ಕಡಮೆ ಶಕ್ತಿಯ ಎಂಜಿನುಗಳಿಗಾಗಿ ಅದೇ ಸಂಸ್ಥೆ ಮಾಡಿದ ‘ಸ್ಯಾಗಿನಾ’ ಪೆಟ್ಟಿಗೆಯ ಮುಚ್ಚಳಕ್ಕೂ ಏಳೇ ಬೋಲ್ಟುಗಳು. ಆದರೆ ಸ್ಯಾಗಿನಾದ ಹೊರಮೈ ಬೀಡುಕಬ್ಬಿಣದ್ದು. ಅದರ ಮೂರು ಲಿವರುಗಳೂ ಮುಚ್ಚಳದ ಮೇಲೆಯೇ ಇರುತ್ತವೆ. ಮನ್ಸೀಯ ಹೊರಮೈ ಅಲ್ಯೂಮಿನಿಯಂ. ಮುಚ್ಚಳದ ಮೇಲೆ ಎರಡೇ ಲಿವರುಗಳಿದ್ದು, ರಿವರ್ಸ್ ಗೇರಿನದು ಹಿಂದಿನ ಬಾಲಭಾಗದಲ್ಲಿರುತ್ತದೆ. ಒಂದೇ ಲಕ್ಷಣವನ್ನು ನಂಬಿದವನು ಇಲ್ಲಿ ಮೋಸಹೋಗುತ್ತಾನೆ.

ಹೆಸರನ್ನು ಮಾತ್ರ ನಂಬುವುದೂ ಸಲ್ಲದು. ಮನ್ಸೀ ಎಂಬುದು ಇಂಡಿಯಾನಾ ಸಂಸ್ಥಾನದ ಒಂದು ಊರು. ಲಿಂಡ್ ದಂಪತಿಗಳು 1929ರಲ್ಲಿ ಪ್ರಕಟಿಸಿದ ‘ಮಿಡ್ಲ್‌ಟೌನ್’ ಎಂಬ ಸಮಾಜಶಾಸ್ತ್ರದ ಗ್ರಂಥಕ್ಕೆ ವಸ್ತುವಾದ ಊರು ಇದೇ. ಜನರಲ್ ಮೋಟಾರ್ಸಿನವರು 1963ರಿಂದ 1974ರ ಮಾದರಿಗಳವರೆಗೆ ಈ ಪೆಟ್ಟಿಗೆಯನ್ನು ಇಲ್ಲಿ ತಯಾರಿಸಿದರು. ಆದರೆ ಟಿ-10ನ್ನು ಮಾಡುತ್ತಿದ್ದ ವಾರ್ನರ್ ಗೇರ್ ಕಾರ್ಖಾನೆಯೂ ಇದೇ ಊರಿನಲ್ಲಿತ್ತು! ಆದ್ದರಿಂದ ‘ಮನ್ಸೀಯಲ್ಲಿ ಆದದ್ದು’ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ‘ಮನ್ಸೀ ಪೆಟ್ಟಿಗೆ’ ಎಂಬ ಹೆಸರು ಮಾತ್ರ ಒಂದಕ್ಕೇ ಸಲ್ಲುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಈ ಎರಡು ಕಾರ್ಖಾನೆಗಳೂ ಮುಚ್ಚಿದವು.

ಇನ್ನು ಕಾಲದ ವಿಚಾರ. ಮನ್ಸೀ ಪೆಟ್ಟಿಗೆಯ ಮೇಲೆ ಎರಡು ಬಗೆಯ ಅಂಕಿಗಳಿವೆ. ಉಬ್ಬಿರುವ ಅಂಕಿಗಳು ಎರಕದ ಅಚ್ಚಿನಲ್ಲಿಯೇ ಮೂಡಿದವು. ತಗ್ಗಾಗಿರುವವು ಅನಂತರ ಉಕ್ಕಿನ ಮೊಳೆಯಿಂದ ಒತ್ತಿದವು. ಎರಕದ ಸಂಖ್ಯೆ ಅಚ್ಚಿನ ವಿನ್ಯಾಸವನ್ನು ತಿಳಿಸುತ್ತದೆಯೇ ಹೊರತು ತಯಾರಾದ ದಿನವನ್ನಲ್ಲ. 3885010 ಎಂಬ ಸಂಖ್ಯೆ 1966 ಮತ್ತು 1967ರ ಮಾದರಿಗಳಿಗೆ ಸೇರಿದುದು. 3925660 ಎಂಬುದು 1968ರ ಮಾದರಿಗಳ ಕಾಲದಿಂದ ಬಂದುದು. ಎರಡನೆಯ ಸಂಖ್ಯೆಯ ಪೆಟ್ಟಿಗೆ 1966ರ ಜಿ.ಟಿ.ಓ.ದಲ್ಲಿ ಕಂಡರೆ, ಅದು ಆ ಕಾರಿನೊಡನೆ ಹುಟ್ಟಿದುದಲ್ಲವೆಂದು ನಿಸ್ಸಂಶಯವಾಗಿ ಹೇಳಬಹುದು.

ಒತ್ತಿದ ಸಂಖ್ಯೆಯಾದರೋ ಜೋಡಣೆಯ ದಿನವನ್ನು ಹೇಳುತ್ತದೆ. ಮೊದಲ ವರ್ಷಗಳಲ್ಲಿ ‘ಪಿ’ ಅಕ್ಷರದ ಮುಂದೆ ತಿಂಗಳು, ತೇದಿ ಮಾತ್ರ ಇರುತ್ತಿದ್ದವು, ವರ್ಷವಿರಲಿಲ್ಲ. ಆಗ ವರ್ಷವನ್ನು ಎರಕದ ಸಂಖ್ಯೆಯಿಂದಲೂ ಒಳಗಿನ ಲಕ್ಷಣಗಳಿಂದಲೂ ಊಹಿಸಬೇಕು. ಉದಾಹರಣೆಗೆ, 1965ರವರೆಗೆ ಒಳಗಿನ ಕೌಂಟರ್ ಷಾಫ್ಟಿನ ಕಡ್ಡಿ 7/8 ಅಂಗುಲ ದಪ್ಪವಾಗಿದ್ದು, 1966ರಿಂದ ಒಂದು ಅಂಗುಲವಾಯಿತು. 1967ರಿಂದ ವರ್ಷದ ಅಂಕಿಯೂ ತಿಂಗಳನ್ನು ಸೂಚಿಸುವ ಅಕ್ಷರವೂ ಸೇರಿದವು. 1969ರ ಮಾದರಿಗಳಲ್ಲಿ ಕೊನೆಗೊಂದು ಅಕ್ಷರ ಕೂಡಿತು. ‘ಪಿ9ಸಿ15ಬಿ’ ಎಂದಿದ್ದರೆ 1969, ಮಾರ್ಚ್ 15ರಂದು ಜೋಡಿಸಿದ ಎಂ-21 ಎಂದರ್ಥ. ಕೊನೆಯ ಅಕ್ಷರ ‘ಎ’ ಆಗಿದ್ದರೆ ಎಂ-20, ‘ಸಿ’ ಆಗಿದ್ದರೆ ಎಂ-22.

ಮೂರನೆಯ ಪ್ರಶ್ನೆಗೆ ಉತ್ತರವನ್ನು ಕೊಡುವುದು 1968ರ ಮಾದರಿಗಳಿಂದ ಪೆಟ್ಟಿಗೆಯ ಮೇಲೂ ಒತ್ತತೊಡಗಿದ ಕಾರಿನ ಗುರುತುಸಂಖ್ಯೆಯ ಭಾಗ. ಅದು ‘19ಎನ್’ ಎಂದು ಆರಂಭವಾದರೆ ಮೊದಲನೆಯ ಅಂಕಿ ಷೆವ್ರೊಲೆಯನ್ನೂ, 9 ಎಂಬುದು 1969ರ ಮಾದರಿಯನ್ನೂ, ‘ಎನ್’ ಒಹಾಯೊ ಸಂಸ್ಥಾನದ ನಾರ್ವುಡ್ ಕಾರ್ಖಾನೆಯನ್ನೂ ಸೂಚಿಸುತ್ತವೆ. ಮುಂದಿನ ಆರು ಅಂಕಿಗಳು ಆ ಕಾರಿನ ಕ್ರಮಸಂಖ್ಯೆ. ಇದು ಕಾರಿನ ಗುರುತುಸಂಖ್ಯೆಗೆ ಹೊಂದಬೇಕು. ಜೋಡಣೆಯ ತೇದಿಯು ಕಾರು ಸಿದ್ಧವಾದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿರಬೇಕು. ಫೆಬ್ರವರಿಯಲ್ಲಿ ಹೊರಬಿದ್ದ ಕಾರಿನಲ್ಲಿ ಅದೇ ವರ್ಷದ ಮಾರ್ಚಿಯ ಪೆಟ್ಟಿಗೆಯಿದ್ದರೆ, ಮೇಲಿನ ಅಂಕಿಗಳು ಎಷ್ಟೇ ಅಚ್ಚುಕಟ್ಟಾಗಿ ಹೊಂದಿದರೂ ಅವು ಸುಳ್ಳು.

ಹೊರಗಿನ ಸಾಕ್ಷಿಗಳೆಲ್ಲವೂ ಒಪ್ಪಿದ ಮೇಲೂ ಒಳಗಿನ ಗೇರುಗಳು ಬೇರೆಯಾಗಿರಬಹುದು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಮೊದಲ ಗೇರಿನಲ್ಲಿಟ್ಟು, ಹಿಂದಿನ ಷಾಫ್ಟು ಒಂದು ಸುತ್ತು ಬರುವವರೆಗೆ ಮುಂದಿನ ಷಾಫ್ಟನ್ನು ತಿರುಗಿಸಿ ಎಣಿಸಬೇಕು. 1966ರ ಅನಂತರದ ಎಂ-20ರಲ್ಲಿ ಅದು 2.52 ಸುತ್ತು, ಎಂ-21ರಲ್ಲಿ 2.20. ಎಂ-22ರಲ್ಲಿಯೂ 2.20ನೆಯೇ; ಆದರೆ ಅದರ ಹಲ್ಲುಗಳ ಓರೆ ಕಡಮೆ. ಅದರಿಂದಾಗಿಯೇ ಅದು ಹೆಚ್ಚು ಸದ್ದು ಮಾಡುತ್ತದೆ. ಕಲ್ಲು ಪುಡಿಮಾಡುವ ಯಂತ್ರವೆಂಬ ಅರ್ಥದ ‘ರಾಕ್ ಕ್ರಷರ್’ ಎಂಬ ಅಡ್ಡಹೆಸರು ಅದಕ್ಕೆ ಬಂದುದೂ ಹೀಗೆಯೇ.

ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದನ್ನೂ, ರೈಸರು ಅವನ್ನು ಸಮರ್ಥಿಸಿದುದನ್ನೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಶಾಸನವು ಹೇಳಿಕೊಳ್ಳುವ ತೇದಿಗೂ ಅದರ ಲಿಪಿಯ ಕಾಲಕ್ಕೂ ಹೊಂದಿಕೆಯಿದೆಯೇ ಎಂಬುದು ಅಲ್ಲಿನ ಪ್ರಶ್ನೆಗಳಲ್ಲಿ ಒಂದು. ಒತ್ತಿದ ಸಂಖ್ಯೆಯನ್ನು ಎರಕದ ಸಂಖ್ಯೆಯೊಡನೆ ಹೋಲಿಸುವವನು ಕೇಳುವುದೂ ಅದನ್ನೇ. ಎರಡೂ ಕಡೆ ಒಂದು ಎಚ್ಚರಿಕೆ ಅವಶ್ಯ. ಕಾರ್ಖಾನೆಯಲ್ಲಿ ಕೈಯಿಂದ ಒತ್ತಿದ ಅಂಕಿಗಳು ಹಲವು ವೇಳೆ ಸೊಟ್ಟಗಿರುತ್ತಿದ್ದವು. ಅಂಕಿ ಸೊಟ್ಟಗಿದ್ದ ಮಾತ್ರಕ್ಕೆ ಅದು ಕೃತಕವಲ್ಲ, ನೆಟ್ಟಗಿದ್ದ ಮಾತ್ರಕ್ಕೆ ನಿಜವೂ ಅಲ್ಲ. ಮುರಿದುದರ ಬದಲಿಗೆ ಬೇರೊಂದು ಪೆಟ್ಟಿಗೆಯನ್ನು ಹಾಕಿಸಿದ ಮಾಲೀಕನು ಮೋಸಗಾರನೂ ಅಲ್ಲ. ‘ಮೂಲದ್ದಲ್ಲ’ ಎಂಬುದು ಬೇರೆ, ‘ಕೃತಕ’ ಎಂಬುದು ಬೇರೆ.

ಒಟ್ಟಿನಲ್ಲಿ, ಯಾವ ಒಂದು ಗುರುತೂ ತಾನೇ ತಾನಾಗಿ ಮೂಲವನ್ನು ಸಿದ್ಧಪಡಿಸಲಾರದು. ಆಕಾರ, ಎರಕ, ಒತ್ತು, ಒಳಗಿನ ಗೇರು ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಿಂದ ಆದವು. ಒಂದನ್ನು ತಿದ್ದುವುದು ಸುಲಭ. ಎಲ್ಲವನ್ನೂ ಪರಸ್ಪರ ಹೊಂದುವಂತೆ ತಿದ್ದುವುದು ಕಷ್ಟ. ಸ್ವತಂತ್ರವಾದ ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ನಂಬುವುದು, ಒಂದು ಸಾಕ್ಷಿ ಭಿನ್ನವಾಗಿ ನುಡಿದಾಗ ನಿಂತು ವಿಚಾರಿಸುವುದು—ಇದಿಷ್ಟೇ ಇಲ್ಲಿನ ಕ್ರಮ. ತಾಮ್ರಪಟದ ಮುಂದೆ ಕುಳಿತ ವಿದ್ಯಾರ್ಥಿಗೂ ಗೇರುಪೆಟ್ಟಿಗೆಯ ಮುಂದೆ ಕುಳಿತ ಮೆಕ್ಯಾನಿಕ್ಕನಿಗೂ ಇದಕ್ಕಿಂತ ಬೇರೆಯಾದ ದಾರಿಯಿಲ್ಲ.