ಲಕ್ಷ ಕಿಲೋಮೀಟರ್ ದಾಟಿದ ಕಾರಿನ ಸಸ್ಪೆನ್ಶನ್
ಒಂದು ಲಕ್ಷ ಕಿಲೋಮೀಟರ್ ದಾಟಿದ ಕಾರು ಹಂಪ್ ಇಳಿಯುವಾಗ ಮುಂದಿನ ಚಕ್ರದ ಬಳಿ ಕಟಕಟ ಎಂದರೆ ಮೊದಲು ನೋಡಬೇಕಾದದ್ದು ಲಿಂಕ್ ರಾಡನ್ನು. ಅಗ್ಗದ ಭಾಗ, ಬದಲಿಸುವುದೂ ಸುಲಭ. ಬಾಲ್ ಜಾಯಿಂಟ್ ಸವೆದಿದ್ದರೆ ಮಾತ್ರ ತಡಮಾಡುವಂತಿಲ್ಲ; ಅದು ಕಳಚಿದರೆ ಚಕ್ರವೇ ವಾಲಿಬಿಡುತ್ತದೆ. ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿದಂತೆ. ಒಂದೇ ಕಡೆಯದು ಕೆಟ್ಟಿದ್ದರೂ ಎಡಬಲ ಎರಡನ್ನೂ ಬದಲಿಸುವುದು ಕ್ರಮ. ಮುಂಭಾಗದ ಸ್ಟ್ರಟ್ ಬಿಚ್ಚುವುದು ಮನೆಯಂಗಳದ ಕೆಲಸವಲ್ಲ: ಅದುಮಿದ ಸ್ಪ್ರಿಂಗ್ ಹಿಡಿತದಿಂದ ಜಾರಿದರೆ ಪ್ರಾಣಕ್ಕೇ ಅಪಾಯ.

ಅವಸರದ ಗ್ಯಾರೇಜು ಎಡವುವುದು ಲೋಯರ್ ಆರ್ಮ್‌ನ ಬುಷ್‌ಗಳಲ್ಲಿ. ಸಾಮಾನ್ಯವಾಗಿ ಇವುಗಳ ರಬ್ಬರು ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಕೊಳವೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಲಿಫ್ಟ್ ಮೇಲೆ ಚಕ್ರಗಳು ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ಕಾರು ಕೆಳಗಿಳಿದ ಕ್ಷಣದಿಂದ ರಬ್ಬರು ತಿರುಚಿದಂತೆಯೇ ಉಳಿದು ಬೇಗ ಹರಿಯುತ್ತದೆ. ಹೊಸ ಬುಷ್ ಹಾಕಿಸಿದವರಿಗೆ ಹಳೇ ಸದ್ದೇ ಮತ್ತೆ! ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿತ ಕೊಡಬೇಕು.

ವೀಲ್ ಅಲೈನ್‌ಮೆಂಟ್ ಅದಾದ ಮೇಲಿನ ಕೆಲಸ. ಅದನ್ನು ಬಿಟ್ಟರೆ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ.