ಗೃಹಸಾಲ ಪುನರ್‌ರಚನೆ ಮತ್ತು ಶಿಫಾರಸು ಕಮಿಷನ್

ಗೃಹಸಾಲ ಪುನರ್‌ರಚನೆ ಎಂದರೆ, ಸಾಲಗಾರನಿಗೆ ಮೂಲ ಕರಾರಿನಂತೆ ಕಂತು ಕಟ್ಟಲು ಸಾಧ್ಯವಾಗದಿದ್ದಾಗ ಸಾಲದ ಅವಧಿ, ಬಡ್ಡಿದರ ಅಥವಾ ಕಂತಿನ ಮೊತ್ತವನ್ನು ಬ್ಯಾಂಕು ಬದಲಾಯಿಸಿಕೊಡುವ ವ್ಯವಸ್ಥೆ. ಸಂಕಷ್ಟದಲ್ಲಿರುವ ಮನೆಮಾಲೀಕರನ್ನು ಇಂತಹ ನೆರವು ಒದಗಿಸುವವರ ಬಳಿಗೆ ಕಳುಹಿಸಿ ಪಡೆಯುವ ಹಣವನ್ನು ಶಿಫಾರಸು ಕಮಿಷನ್ ಎನ್ನುತ್ತಾರೆ. ಕೆಲವರು ಇದನ್ನು ಉಪ ಆದಾಯವಾಗಿ ಮಾಡಿಕೊಳ್ಳುತ್ತಾರೆ.

ಹಿನ್ನೆಲೆ

ಬೆಂಗಳೂರಿನ ಪೂರ್ವ ಅಂಚಿನಲ್ಲಿರುವ ವರ್ತೂರು, ವೈಟ್‌ಫೀಲ್ಡ್ ಸುತ್ತಮುತ್ತ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಕೃಷಿಭೂಮಿಯ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಇವುಗಳಲ್ಲಿ ಅನೇಕವನ್ನು ಸಂಬಳದ ಆಧಾರದ ಮೇಲೆ ದೀರ್ಘಾವಧಿ ಸಾಲ ಪಡೆದು ಕೊಳ್ಳಲಾಗಿದೆ. ಆದುದರಿಂದ ಉದ್ಯೋಗ ಹೋದರೆ ಮೊದಲ ಪೆಟ್ಟು ಬೀಳುವುದು ಇಎಂಐ ಮೇಲೆ. ಕೋವಿಡ್ ಕಾಲದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ನೀಡಿತು. ಬಳಿಕ 2020ರ ಆಗಸ್ಟ್ ಮತ್ತು 2021ರ ಮೇ ತಿಂಗಳಲ್ಲಿ ಪುನರ್‌ರಚನೆಯ ಚೌಕಟ್ಟುಗಳನ್ನು ಪ್ರಕಟಿಸಿತು.

ಶಿಫಾರಸಿನ ಆದಾಯ

ಭಾರತದಲ್ಲಿ ಬ್ಯಾಂಕುಗಳು ನೇಮಿಸಿಕೊಂಡ ಡಿಎಸ್‌ಎ ಏಜೆಂಟರಿಗೆ ಸಾಮಾನ್ಯವಾಗಿ ಹೊಸ ಸಾಲ ಮಂಜೂರಾಗಿ ವಿತರಣೆಯಾದಾಗ ಅಥವಾ ಸಾಲ ಬೇರೆ ಬ್ಯಾಂಕಿಗೆ ವರ್ಗವಾದಾಗ ಕಮಿಷನ್ ದೊರೆಯುತ್ತದೆ. ಈ ಹಣವನ್ನು ಕೊಡುವುದು ಬ್ಯಾಂಕು. ಇದು ತೆರಿಗೆಗೆ ಒಳಪಡುವ ಆದಾಯ. ಇರುವ ಬ್ಯಾಂಕಿನಲ್ಲೇ ಪುನರ್‌ರಚನೆ ಕೋರುವುದಕ್ಕೆ ಮಧ್ಯವರ್ತಿಯ ಅಗತ್ಯವಿಲ್ಲ. ಸಾಲಗಾರನೇ ಶಾಖೆಗೆ ಲಿಖಿತ ಅರ್ಜಿ ಕೊಡಬಹುದು. ಶಿಫಾರಸುದಾರನ ಲಾಭವೂ ಮನೆಮಾಲೀಕನ ಹಿತವೂ ಬೇರೆಯಾಗುವುದು ಇಲ್ಲಿಯೇ. ಅವಧಿ ವಿಸ್ತರಿಸಿದರೆ ಸಾಕಾಗುವವನಿಗೂ ಕಮಿಷನ್ ಆಸೆಯಿಂದ ಹೊಸ ಸಾಲವನ್ನು ಸೂಚಿಸುವ ಸಾಧ್ಯತೆಯಿದೆ.

ಉದಾಹರಣೆ

ಶೇ. 8.5 ಬಡ್ಡಿಯಲ್ಲಿ 50 ಲಕ್ಷ ರೂಪಾಯಿ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಇಎಂಐ ಸುಮಾರು 43,400 ರೂ. ಅವಧಿ 25 ವರ್ಷವಾದರೆ ಸುಮಾರು 40,300 ರೂ. ತಿಂಗಳಿಗೆ ಮೂರು ಸಾವಿರ ಉಳಿದರೂ ಒಟ್ಟು ಪಾವತಿ ಸುಮಾರು 16.6 ಲಕ್ಷ ರೂ. ಹೆಚ್ಚುತ್ತದೆ. ಪುನರ್‌ರಚನೆಯು ಸಾಲದ ಚರಿತ್ರೆಯ ವರದಿಯಲ್ಲೂ ದಾಖಲಾಗುತ್ತದೆ.

ಕಾನೂನಿನ ಗಡುವುಗಳು

ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಸಾಲವು ಅನುತ್ಪಾದಕ ಆಸ್ತಿಯಾಗುತ್ತದೆ. ಆಗ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ನೀಡಿ, ಅನಂತರ ಮನೆಯನ್ನು ಸ್ವಾಧೀನಕ್ಕೆ ಪಡೆಯಬಹುದು. ನೋಟಿಸಿಗೆ ಸಾಲಗಾರ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು ಅದನ್ನು ಒಪ್ಪದಿದ್ದಲ್ಲಿ 15 ದಿನಗಳೊಳಗೆ ಕಾರಣ ತಿಳಿಸಬೇಕು. ಸ್ವಾಧೀನದ ಕ್ರಮದ ವಿರುದ್ಧ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ಅದರ ಪೀಠಗಳಿವೆ. "ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ" ಎಂಬ ಮಧ್ಯವರ್ತಿಯ ಮಾತು ನಂಬಿ ಈ ದಿನಗಳನ್ನು ಕಳೆದುಕೊಂಡವರಿಗೆ ಮನೆ ಉಳಿಸಿಕೊಳ್ಳುವ ದಾರಿ ಕಿರಿದಾಗುತ್ತದೆ.

ಇತರ ದೇಶಗಳಲ್ಲಿ

2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಸಾಲ ಮಾರ್ಪಾಡಿನ ಹೆಸರಿನಲ್ಲಿ ಮುಂಗಡ ಶುಲ್ಕ ಪಡೆದು ಕೆಲಸ ಮಾಡಿಕೊಡದ ಸಂಸ್ಥೆಗಳು ಹೆಚ್ಚಿದವು. ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಮುಂಗಡ ಶುಲ್ಕವನ್ನು ನಿಷೇಧಿಸಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ರೂಪಿಸಿದ ನಿಯಮದಂತೆ, ಸಾಲದಾತನ ಲಿಖಿತ ಕೊಡುಗೆಯನ್ನು ಮನೆಮಾಲೀಕ ಒಪ್ಪುವವರೆಗೆ ಇಂತಹ ಸಂಸ್ಥೆಗಳು ಶುಲ್ಕ ಪಡೆಯುವಂತಿಲ್ಲ.

ಎಚ್ಚರಿಕೆ ಮತ್ತು ಪರಿಹಾರ

ಶಿಫಾರಸು ಮಾಡುವವರು ತಮಗೆ ಬರುವ ಕಮಿಷನ್ನನ್ನು ಮೊದಲೇ ತಿಳಿಸುವುದು, ಮುಂಗಡ ಹಣ ಕೇಳದಿರುವುದು, ಮೂಲ ದಾಖಲೆ ಅಥವಾ ಸಹಿ ಮಾಡಿದ ಖಾಲಿ ಚೆಕ್ಕು ಪಡೆಯದಿರುವುದು ಯೋಗ್ಯ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, 2021ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಏಕೀಕೃತ ಓಂಬುಡ್ಸ್‌ಮನ್ ವ್ಯವಸ್ಥೆಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಸತಿ ಹಣಕಾಸು ಕಂಪನಿಗಳ ವಿರುದ್ಧದ ದೂರುಗಳನ್ನು ರಾಷ್ಟ್ರೀಯ ವಸತಿ ಬ್ಯಾಂಕು ಸ್ವೀಕರಿಸುತ್ತದೆ.